ಸೂಜಿ ನಿಲ್ಲಿಸಿದ ಮೇಲಿನ ತಿಂಗಳುಗಳು

ವಾಷಿಂಗ್ಟನ್ ಹೊರವಲಯದ ಹರ್ನ್‌ಡನ್‌ನ ನನ್ನ ಮನೆಯಿಂದ ಹೊರಟು ಪೊಟೊಮ್ಯಾಕ್ ಹೊಳೆ ದಾಟಿದರೆ, ಟ್ರಾಫಿಕ್ ಇಲ್ಲದ ಹೊತ್ತಿನಲ್ಲಿ ಅರ್ಧ ಗಂಟೆಗೆ ಬೆಥೆಸ್ಡಾ. ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಇರುವುದು ಅಲ್ಲಿ. ಅಲ್ಲಿನ ಮನೋವೈದ್ಯರು 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯಾವ ಕಾಯಿಲೆಯೂ ಇಲ್ಲದ, ಸ್ಟೀರಾಯ್ಡನ್ನು ಎಂದೂ ಮುಟ್ಟದ 20 ಗಂಡಸರನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡಿದ್ದರು. ಮೊದಲ ಮೂರು ದಿನ ಔಷಧವೇ ಇಲ್ಲದ ಮಾತ್ರೆ. ಮುಂದಿನ ಮೂರು ದಿನ ಮಿಥೈಲ್‌ಟೆಸ್ಟೊಸ್ಟೆರಾನ್ ಎಂಬ ಸ್ಟೀರಾಯ್ಡ್, ದಿನಕ್ಕೆ 40 ಮಿಲಿಗ್ರಾಂ. ಆಮೇಲಿನ ಮೂರು ದಿನ 240. ಕೊನೆಗೆ ಮತ್ತೆ ಔಷಧವಿಲ್ಲದ ಮಾತ್ರೆ. ಯಾವ ದಿನ ಏನು ನುಂಗುತ್ತಿದ್ದೇವೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ದೊಡ್ಡ ಡೋಸ್‌ನ ದಿನಗಳಲ್ಲಿ ಉಲ್ಲಾಸ, ಹುರುಪು, ಕಾಮಾಸಕ್ತಿ ಏರಿದವು. ಜೊತೆಗೇ ಸಿಡುಕು, ಹಗೆ, ಹೊಡೆಯಬೇಕೆನ್ನುವ ತುಡಿತ, ಮರೆವು, ಗಲಿಬಿಲಿ. ಒಬ್ಬನಿಗೆ ಉನ್ಮಾದವೇ ಹಿಡಿಯಿತು. ಇನ್ನೊಬ್ಬ ಅದರ ಹೊಸ್ತಿಲವರೆಗೂ ಹೋಗಿ ಬಂದ. ಆರೇ ದಿನದ ಮಾತ್ರೆಗೆ ಇಷ್ಟು! ಯಾರಿಗೆ ಹೀಗಾಗುತ್ತದೆ ಎಂದು ಮೊದಲೇ ಹೇಳಬಹುದೇ ಎಂದು ವೈದ್ಯರು ಹುಡುಕಿ ನೋಡಿದರು. ಮನೆತನದಲ್ಲಿ ಮಾನಸಿಕ ಕಾಯಿಲೆ ಇದ್ದದ್ದು, ಹಿಂದೆ ನಶೆ ಮಾಡಿದ್ದು, ಯಾವುದರಿಂದಲೂ ಸುಳಿವು ಸಿಗಲಿಲ್ಲ.

‘ನಂಗೇನೂ ಆಗಿಲ್ಲ’ ಎಂದು ಸ್ಟೀರಾಯ್ಡ್ ಬಳಸುವ ಒಬ್ಬ ಹುಡುಗ ಎದೆ ತಟ್ಟಿಕೊಂಡಾಗಲೆಲ್ಲ ನನಗೆ ಆ ಕೊನೆಯ ಮಾತು ನೆನಪಾಗುತ್ತದೆ. ಅವನು ಸುಳ್ಳು ಹೇಳುತ್ತಿರುವುದಿಲ್ಲ. ಅವನಿಗೆ ನಿಜಕ್ಕೂ ಏನೂ ಆಗಿರುವುದಿಲ್ಲ. ಅವನ ಮಾತು ನಂಬಿ ಅದೇ ಬಾಟಲಿಯಿಂದ ಚುಚ್ಚಿಕೊಳ್ಳುವ ಗೆಳೆಯನ ಗತಿ ಬೇರೆಯಾಗಬಹುದು.

ನಾನು ಫಾರ್ಮಸಿಸ್ಟ್. ದಾವಣಗೆರೆಯಲ್ಲಿ ಹುಟ್ಟಿ, ಅಲ್ಲೇ ಬಿ.ಫಾರ್ಮ ಮುಗಿಸಿ, ಈ ದೇಶಕ್ಕೆ ಬಂದು ಪರೀಕ್ಷೆಗಳನ್ನೆಲ್ಲ ಮತ್ತೊಮ್ಮೆ ಬರೆದು, ಮಾತ್ರೆ ಎಣಿಸುವ ಕೌಂಟರಿನ ಹಿಂದೆ ನಿಂತೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಕಾವೇರಿ ಕನ್ನಡ ಸಂಘದ ಕಾರ್ಯಕ್ರಮಗಳ ಊಟದ ಸಾಲಿನಲ್ಲಿ ನಿಂತರೆ ಸಾಕು, ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ, ಊರಿನಿಂದ ತಂದ ಮಾತ್ರೆಗೆ ಇಲ್ಲಿ ಏನು ಹೆಸರು ಎಂಬ ಪ್ರಶ್ನೆಗಳು ಬರುತ್ತವೆ. ಈಚೆಗೆ ಮಕ್ಕಳ ಜಿಮ್ ಡಬ್ಬಿಗಳ ಫೋಟೋಗಳೂ ಬರತೊಡಗಿವೆ. ತಂದೆತಾಯಿಗಳ ದನಿಯಲ್ಲಿ ಆತಂಕಕ್ಕಿಂತ ಹೆಮ್ಮೆಯೇ ಹೆಚ್ಚು. ‘ಬೆಳಿಗ್ಗೆ ಐದಕ್ಕೇ ಎದ್ದು ಹೋಗ್ತಾನೆ ರೀ. ಕುಡಿಯಲ್ಲ, ಸೇದಲ್ಲ, ಮೊಟ್ಟೆ ಎಣಿಸಿ ತಿಂತಾನೆ.’ ಡಲೆಸ್ ವಿಮಾನ ನಿಲ್ದಾಣದ ಮಗ್ಗುಲಿನ ಈ ಊರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಹೊಟ್ಟೆ ಬೆಳೆಸಿದ ಅಪ್ಪಂದಿರಿಗೆ ಮಗನ ತೋಳು ಕಂಡರೆ ಹಿಗ್ಗದಿರಲು ಸಾಧ್ಯವೇ?

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ಆಸ್ತಮಾದ ಪಂಪು, ಚರ್ಮಕ್ಕೆ ಹಚ್ಚುವ ಮುಲಾಮು, ಪ್ರೆಡ್ನಿಸೊಲೋನ್ ಮಾತ್ರೆ ಇವೂ ಸ್ಟೀರಾಯ್ಡೇ, ಆದರೆ ಬೇರೆ ಕುಲದವು. ಈ ಲೇಖನ ಓದಿ ಯಾರೂ ಅಮ್ಮನ ಪಂಪು ಬಿಡಿಸಬೇಡಿ. ನಾನು ಹೇಳುತ್ತಿರುವುದು ಟೆಸ್ಟೊಸ್ಟೆರಾನ್ ಮತ್ತು ಅದರ ಬಳಗದ ವಿಷಯ. ಜಿಮ್ಮಿನಲ್ಲಿ ‘ಟೆಸ್ಟ್’, ‘ಡೆಕಾ’, ‘ಡಿ-ಬಾಲ್’, ‘ಟ್ರೆನ್’ ಎಂದು ಓಡಾಡುವುದು ಇವೇ. ಟ್ರೆನ್ ಎಂದರೆ ಟ್ರೆನ್‌ಬೊಲೋನ್, ಇಲ್ಲಿ ಮಾಂಸದ ದನಗಳ ಕಿವಿಯ ಚರ್ಮದಡಿ ಇಡುವ ಔಷಧ. ಮನುಷ್ಯರಿಗೆಂದು ಅದಕ್ಕೆ ಒಪ್ಪಿಗೆಯೇ ಇಲ್ಲ.

ಗಂಡಸಿನ ದೇಹ ದಿನಕ್ಕೆ ಹೆಚ್ಚುಕಡಿಮೆ 7 ಮಿಲಿಗ್ರಾಂ ಟೆಸ್ಟೊಸ್ಟೆರಾನ್ ತಯಾರಿಸುತ್ತದೆ, ಅಂದರೆ ವಾರಕ್ಕೆ 50ರ ಆಸುಪಾಸು. ಹೆಂಗಸಿನ ದೇಹದಲ್ಲಿ ದಿನಕ್ಕೆ ಸುಮಾರು ಕಾಲು ಮಿಲಿಗ್ರಾಂ. ಜಿಮ್ ಹುಡುಗರ ಒಂದು ‘ಸೈಕಲ್’ನಲ್ಲಿ (ಕೆಲವು ವಾರ ಬಿಡದೆ ಚುಚ್ಚಿಕೊಳ್ಳುವ ಸುತ್ತಿನಲ್ಲಿ) ವಾರಕ್ಕೆ 500, 600, ಕೆಲವೊಮ್ಮೆ 1000 ಮಿಲಿಗ್ರಾಂ ಮೀರುತ್ತದೆ. ಅದರ ಮೇಲೆ ಇನ್ನೆರಡು ಬಗೆ ಸೇರಿಸಿ ‘ಸ್ಟ್ಯಾಕ್’ ಮಾಡುತ್ತಾರೆ. ಈ ಹಾರ್ಮೋನು ಸ್ನಾಯುವಿಗಷ್ಟೇ ಹೋಗಿ ಕೂರುವುದಿಲ್ಲ. ಭಯ, ಸಿಟ್ಟು, ಕಾಮ, ಧೈರ್ಯಗಳನ್ನು ನಡೆಸುವ ಮೆದುಳಿನ ಜಾಗಗಳಲ್ಲೂ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ. ದೇಹ ಅದರಲ್ಲೊಂದಿಷ್ಟನ್ನು ಈಸ್ಟ್ರೊಜೆನ್ನಾಗಿ ಬದಲಿಸುತ್ತದೆ, ಅದೂ ಮನಸ್ಸನ್ನು ತಟ್ಟುತ್ತದೆ.

ಹಾಗಾದರೆ ಎಲ್ಲರೂ ಹುಚ್ಚೇಳಬೇಕಲ್ಲ? ಏಳುವುದಿಲ್ಲ. ಭಾರತೀಯ ಮೂಲದ ಡಾಕ್ಟರ್ ಶಲೇಂದರ್ ಭಸೀನ್ ಅವರ ತಂಡ 1996ರಲ್ಲಿ ಪ್ರಕಟಿಸಿದ ಹೆಸರಾಂತ ಅಧ್ಯಯನದಲ್ಲಿ ವಾರಕ್ಕೆ 600 ಮಿಲಿಗ್ರಾಂನಂತೆ ಹತ್ತು ವಾರ ಕೊಟ್ಟರೂ ಮನಸ್ಸಿನಲ್ಲಿ, ನಡವಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಾಸ್ಟನ್ ಹತ್ತಿರದ ಮ್ಯಾಕ್ಲೀನ್ ಆಸ್ಪತ್ರೆಯ ಮನೋವೈದ್ಯ ಹ್ಯಾರಿಸನ್ ಪೋಪ್ 2000ದಲ್ಲಿ 600 ಮಿಲಿಗ್ರಾಂವರೆಗೆ ಏರಿಸಿ ನೋಡಿದಾಗ 50 ಮಂದಿಯಲ್ಲಿ 42 ಜನರಿಗೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ, ಆರು ಜನರಲ್ಲಿ ಸ್ವಲ್ಪ ಏರುಪೇರು, ಇಬ್ಬರಲ್ಲಿ ಎದ್ದು ಕಾಣುವ ಉನ್ಮಾದದ ಲಕ್ಷಣ. ಜಿಮ್ಮಿನ ಪಂಡಿತರು ಇಂಥ ಅಂಕಿಗಳನ್ನೇ ಹಿಡಿದುಕೊಂಡು ವಾದಿಸುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಅದು ಡಾಕ್ಟರು ಅಳೆದು ಕೊಟ್ಟ ಒಂದೇ ಔಷಧ, ಆರಿಸಿ ತೆಗೆದ ಆರೋಗ್ಯವಂತರು, ಮನಸ್ಸು ಹದಗೆಟ್ಟ ಕೂಡಲೇ ನಿಲ್ಲಿಸುವ ಏರ್ಪಾಡು. ನಿಮ್ಮ ಬಾಟಲಿಯಲ್ಲಿ ಏನಿದೆ ಎಂಬುದು ಮಾರಿದವನಿಗೂ ಗೊತ್ತಿರುವುದಿಲ್ಲ. ನಿಜವಾಗಿ ಬಳಸುತ್ತಿದ್ದ 88 ಕ್ರೀಡಾಪಟುಗಳನ್ನು ಪೋಪ್ ಅದಕ್ಕೂ ಮೊದಲೇ, 1994ರಲ್ಲಿ, ಮಾತಾಡಿಸಿದ್ದರು. ಅವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಉನ್ಮಾದವೋ ಗಂಭೀರ ಖಿನ್ನತೆಯೋ ಬಂದುಹೋಗಿತ್ತು.

ಆರಂಭದ ವಾರಗಳ ಬದಲಾವಣೆಯಂತೂ ಮನೆಯವರಿಗೆ ಒಳ್ಳೆಯದಾಗಿಯೇ ಕಾಣುತ್ತದೆ. ಸಂಕೋಚದ ಹುಡುಗ ನೆಟ್ಟಗೆ ನಿಂತು ಮಾತಾಡುತ್ತಾನೆ. ಕಡಿಮೆ ನಿದ್ದೆ ಮಾಡಿದರೂ ದಣಿಯುವುದಿಲ್ಲ. ಹತ್ತು ಕೆಲಸ ಒಟ್ಟಿಗೆ ಹಿಡಿಯುತ್ತಾನೆ, ಹೊಸ ಕಾರು ಕೊಳ್ಳುವ ಮಾತಾಡುತ್ತಾನೆ. ‘ಮಗ ಹುಷಾರಾದ’ ಎನ್ನುತ್ತಾರೆ ಅಪ್ಪ. ಸಿಟ್ಟು ಬರುವ ಹೊತ್ತಿಗೆ ಈ ಹುಷಾರಿಗೂ ಸಿಟ್ಟಿಗೂ ಒಂದೇ ಬೇರು ಎಂದು ಯಾರಿಗೂ ಹೊಳೆಯುವುದಿಲ್ಲ. ಅನ್ನಕ್ಕೆ ಉಪ್ಪು ಕಡಿಮೆಯಾಯಿತೆಂದು ತಟ್ಟೆ ತಳ್ಳಿದ, ಹೈವೇಯಲ್ಲಿ ಅಡ್ಡ ಬಂದವನ ಕಾರನ್ನು ಬೆನ್ನಟ್ಟಿದ ಎಂದು ತಾಯಂದಿರು ನನ್ನಲ್ಲಿ ಹೇಳಿಕೊಂಡದ್ದುಂಟು. ‘ಅವರ ತಾತನ ಸಿಟ್ಟೇ ಬಂದಿದೆ’ ಎಂದು ವಂಶದ ತಲೆಗೆ ಕಟ್ಟಿ ಸುಮ್ಮನಾಗುತ್ತಾರೆ.

ಸಿಟ್ಟಿನ ವಿಷಯದಲ್ಲಿ ಪತ್ರಿಕೆಗಳು ಅವಸರ ಮಾಡುವುದೂ ಉಂಟು. 2007ರ ಜೂನ್‌ನಲ್ಲಿ ಅಟ್ಲಾಂಟಾದ ಹೊರವಲಯದ ಫಯೆಟ್‌ವಿಲ್‌ನಲ್ಲಿ ಕುಸ್ತಿಪಟು ಕ್ರಿಸ್ ಬೆನ್ವಾ ಹೆಂಡತಿಯನ್ನೂ ಏಳು ವರ್ಷದ ಮಗನನ್ನೂ ಕೊಂದು ತಾನೂ ಸತ್ತ. ಮನೆಯಲ್ಲಿ ಸ್ಟೀರಾಯ್ಡ್ ಸಿಕ್ಕಿತು, ಕಾರಣ ಅದೇ ಎಂದು ಟಿವಿಗಳು ತೀರ್ಪು ಕೊಟ್ಟೇಬಿಟ್ಟವು. ದೇಹದಲ್ಲಿ ಟೆಸ್ಟೊಸ್ಟೆರಾನ್ ಹೆಚ್ಚಿದ್ದದ್ದು ನಿಜ. ಆದರೆ ಅದರಿಂದಲೇ ಹೀಗೆ ಮಾಡಿದ ಎನ್ನಲು ಆಧಾರವಿಲ್ಲ ಎಂದರು ಜಾರ್ಜಿಯಾದ ಮುಖ್ಯ ವೈದ್ಯಕೀಯ ಪರೀಕ್ಷಕರು. ಆಮೇಲೆ ಅವನ ಮೆದುಳನ್ನು ಪರೀಕ್ಷಿಸಿದವರು, ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದ ಅದು ತೀರಾ ಹಾಳಾಗಿತ್ತು ಎಂದರು. ಕೊಲೆಗಾರನನ್ನು ಹುಟ್ಟಿಸುವ ಮದ್ದು ಎಂದು ಸ್ಟೀರಾಯ್ಡನ್ನು ಬಣ್ಣಿಸಿದರೆ ಯಾವ ಹುಡುಗನೂ ನಂಬುವುದಿಲ್ಲ. ಅವನ ಕಣ್ಣೆದುರಿನ ಹತ್ತು ಗೆಳೆಯರು ಕೊಲೆ ಮಾಡದೆ ಆರಾಮಾಗಿರುತ್ತಾರಲ್ಲ.

ನನ್ನ ಭಯ ಇರುವುದು ನಿಲ್ಲಿಸಿದ ಮೇಲಿನ ತಿಂಗಳುಗಳ ಬಗ್ಗೆ. ಹೊರಗಿನಿಂದ ಟೆಸ್ಟೊಸ್ಟೆರಾನ್ ಸುರಿದಾಗ, ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಇನ್ನು ಬೇಡವೆಂದು ವೃಷಣಗಳಿಗೆ ಕಳಿಸುವ ಆಜ್ಞೆಯನ್ನೇ ನಿಲ್ಲಿಸುತ್ತದೆ. ಅವು ಕುಗ್ಗುತ್ತವೆ, ವೀರ್ಯಾಣು ಇಳಿಯುತ್ತದೆ. ಸೂಜಿ ಬಿಟ್ಟ ದಿನದಿಂದ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ಬಾವಿ ಬತ್ತಿರುವಾಗಲೇ ನಲ್ಲಿಯೂ ನಿಂತ ಹಾಗೆ. ಮತ್ತೆ ಊರಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷ ದಾಟುತ್ತದೆ. ಅಷ್ಟು ಕಾಲವೂ ನಿದ್ದೆ ಕೆಟ್ಟು, ಆಸೆ ಸತ್ತು, ಎದ್ದು ಹಲ್ಲುಜ್ಜುವುದೂ ಬೆಟ್ಟವಾಗುತ್ತದೆ. ಕಷ್ಟಪಟ್ಟು ಕಟ್ಟಿದ ತೋಳು ಕನ್ನಡಿಯಲ್ಲಿ ದಿನದಿನಕ್ಕೂ ಸಣ್ಣದಾಗುತ್ತದೆ. ಇದಕ್ಕೆ ಅವನಿಗೆ ಗೊತ್ತಿರುವ ಒಂದೇ ಮದ್ದು ಮತ್ತೆ ಚುಚ್ಚಿಕೊಳ್ಳುವುದು. ಬಳಸುವವರಲ್ಲಿ ಹತ್ತಿರ ಹತ್ತಿರ ಮೂರರಲ್ಲೊಬ್ಬರು ಬಿಡಲಾಗದೆ ಸಿಕ್ಕಿಕೊಳ್ಳುತ್ತಾರೆ ಎಂಬ ಅಂದಾಜಿದೆ. ನಶೆಯ ಸುಖ ಹುಡುಕಿಕೊಂಡು ಅವರು ಸಿಕ್ಕಿಬಿದ್ದವರಲ್ಲ, ಈ ಕತ್ತಲಿಗೆ ಹೆದರಿದವರು.

ನಮ್ಮ ಪಕ್ಕದ ಮೇರಿಲ್ಯಾಂಡಿನ ಹುಡುಗ ಟಾಮಿ ಚೈಕಿನ್ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯಕ್ಕೆ ಫುಟ್‌ಬಾಲ್ ಆಡಲು ಹೋದವನು. ದಪ್ಪಗಾಗಬೇಕು, ಎದುರಾಳಿಯನ್ನು ಕೆಡವಬೇಕು ಎಂದು ಸ್ಟೀರಾಯ್ಡ್ ಹಿಡಿದ. 1988ರ ಅಕ್ಟೋಬರ್‌ನಲ್ಲಿ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆಯಲ್ಲಿ ತನ್ನ ಕಥೆಯನ್ನು ತಾನೇ ಹೇಳಿಕೊಂಡ. ಮೊದಮೊದಲ ಗೆಲುವಿನ ಉಬ್ಬು, ಆಮೇಲೆ ಕಂಡಕಂಡವರ ಮೇಲೆ ಎಗರಾಟ, ಕೊನೆಗೆ ಎದೆ ಬಿಗಿಯುವ ದಿಗಿಲು, ಖಿನ್ನತೆ. ಹಾಸ್ಟೆಲಿನ ಕೋಣೆಯಲ್ಲಿ ಪಿಸ್ತೂಲನ್ನು ಗದ್ದದ ಕೆಳಗಿಟ್ಟುಕೊಂಡು ಕೂತಿದ್ದಾಗ ಬಾಗಿಲು ಬಡಿದವರು ಅವನ ಅಪ್ಪ. ಅವನು ಬದುಕಿದ. ಆ ಲೇಖನದ ಮೇಲೆ ಗದ್ದಲವಾಗಿ, ಅಲ್ಲಿನ ತರಬೇತುದಾರರ ಮೇಲೆ ಫೆಡರಲ್ ಮೊಕದ್ದಮೆಯೂ ನಡೆಯಿತು. ಸ್ಟೀರಾಯ್ಡನ್ನು ನಿಯಂತ್ರಿತ ಔಷಧಗಳ ಪಟ್ಟಿಗೆ ಸೇರಿಸುವ ಕಾನೂನು 1990ರಲ್ಲಿ ಬಂತು. ನಾನು ಕೌಂಟರಿನಲ್ಲಿ ಟೆಸ್ಟೊಸ್ಟೆರಾನ್ ಬಾಟಲಿಗಳ ಲೆಕ್ಕ ಇಡಬೇಕಾಗಿರುವುದು ಆ ಕಾನೂನಿನಿಂದ.

ಟೆಕ್ಸಸ್‌ನ ಪ್ಲೇನೋದ ಟೇಲರ್ ಹೂಟನ್ ಬದುಕಲಿಲ್ಲ. ಹೈಸ್ಕೂಲ್ ಬೇಸ್‌ಬಾಲ್ ಆಟಗಾರ. ಇನ್ನೂ ದೊಡ್ಡ ಮೈ ಬೇಕು ಎಂದು ಕೋಚ್ ಒಬ್ಬರು ಹೇಳಿದ ಮೇಲೆ ಶುರುವಾಯಿತಂತೆ. ಕೂಗಾಡುತ್ತಿದ್ದ, ಮರುಗಳಿಗೆ ಅತ್ತು ಕ್ಷಮೆ ಕೇಳುತ್ತಿದ್ದ. ಸ್ಟೀರಾಯ್ಡ್ ಬಿಟ್ಟ ಕೆಲವೇ ವಾರಗಳಲ್ಲಿ, 2003ರ ಜುಲೈನಲ್ಲಿ, 17ನೇ ವಯಸ್ಸಿಗೆ ಪ್ರಾಣ ಕಳೆದುಕೊಂಡ. ಆಗ ಅವನು ಖಿನ್ನತೆಯ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದ. ಹಾಗಾಗಿ ಒಂದೇ ಕಾರಣಕ್ಕೆ ಬೆರಳು ತೋರಿಸುವುದು ಕಷ್ಟ, ಆ ಚರ್ಚೆ ಇಲ್ಲಿ ನಡೆದಿದೆ. ಅವನ ತಂದೆ ಡೊನಾಲ್ಡ್ ಹೂಟನ್ 2005ರ ಮಾರ್ಚ್ 17ರಂದು ವಾಷಿಂಗ್ಟನ್ನಿನ ಸಂಸತ್ ಸಮಿತಿಯ ಮುಂದೆ ಕೂತು ಹೇಳಿಕೆ ಕೊಟ್ಟರು. ಆ ಸಮಿತಿಯ ಅಧ್ಯಕ್ಷರು ನಮ್ಮ ಫೇರ್‌ಫ್ಯಾಕ್ಸ್ ಕೌಂಟಿಯ ಕಡೆಯಿಂದ ಆರಿಸಿಹೋದ ಟಾಮ್ ಡೇವಿಸ್. ಮರುದಿನದ ಸುದ್ದಿಯಲ್ಲಿ ಮಾತ್ರ ಅದೇ ದಿನ ಅದೇ ಸಮಿತಿಯ ಮುಂದೆ ಬಂದಿದ್ದ ಬೇಸ್‌ಬಾಲ್ ತಾರೆಯರ ಮುಖಗಳೇ.

ಹೆಂಗಸರ ವಿಷಯಕ್ಕೆ ಬಂದರೆ ಮಾತಾಡುವವರೇ ಕಡಿಮೆ. ಜಿಮ್ಮಿನಲ್ಲಿ ‘ಅನವಾರ್’ ಎಂದು ಕರೆಯುವ ಆಕ್ಸಾಂಡ್ರೊಲೋನನ್ನು ‘ಲೇಡೀಸ್‌ಗೆ ಸೇಫ್’ ಎಂದು ದಾಟಿಸುತ್ತಾರೆ. ಅಮೆರಿಕದ ಔಷಧ ನಿಯಂತ್ರಕರು 2023ರಲ್ಲಿ ಅದರ ಮಾನ್ಯತೆಯನ್ನೇ ಹಿಂದಕ್ಕೆ ಪಡೆದರು. ದಿನಕ್ಕೆ ಕಾಲು ಮಿಲಿಗ್ರಾಂನಲ್ಲಿ ಬಾಳುವ ದೇಹಕ್ಕೆ ಹತ್ತು ಮಿಲಿಗ್ರಾಂ ಹಾಕಿದರೂ ಅದು ಪ್ರವಾಹವೇ. ಮನೋವೈದ್ಯ ಪೋಪ್ ಮತ್ತು ಸಹಸಂಶೋಧಕಿ ಗ್ರೂಬರ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಟೀರಾಯ್ಡ್ ಬಳಸಿದ 25 ಹೆಂಗಸರಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಬಳಸುವಾಗ ಉನ್ಮಾದದಂಥ ಏರನ್ನು ಹೇಳಿದರು, ಹಲವರು ಬಿಟ್ಟಾಗ ಖಿನ್ನತೆಯನ್ನು. ಗಂಡಸರ ಹಾಗೇ ಸಿಡುಕು, ಹುರುಪು, ಹೆಚ್ಚಿದ ಕಾಮಾಸಕ್ತಿ. ವ್ಯತ್ಯಾಸ ಇರುವುದು ಸುತ್ತಲಿನವರ ಕಣ್ಣಿನಲ್ಲಿ. ಮಗ ರೇಗಿದರೆ ‘ಗಂಡುಹುಡುಗ’ ಎನ್ನುವ ಮನೆಯೇ ಮಗಳು ರೇಗಿದರೆ ಮದುವೆ ಮಾಡುವ ಯೋಚನೆ ಮಾಡುತ್ತದೆ. ಅಷ್ಟರಲ್ಲಿ ಅವಳ ಮುಟ್ಟು ನಿಂತಿರುತ್ತದೆ, ದನಿ ದಪ್ಪವಾಗತೊಡಗಿರುತ್ತದೆ. ದನಿ ಒಮ್ಮೆ ಇಳಿದರೆ ಔಷಧ ಬಿಟ್ಟರೂ ಮರಳುವುದಿಲ್ಲ. ಫೋನೆತ್ತಿದರೆ ‘ಸರ್’ ಎನ್ನಿಸಿಕೊಳ್ಳುವ ಹೆಂಗಸಿನ ಮನಸ್ಸಿಗೆ ಅದು ಬೇರೆಯದೇ ನೋವು, ಹಾರ್ಮೋನಿನ ಲೆಕ್ಕದಾಚೆಯದು.

ಸರ್ಕಾರವೇ ಹೆಂಗಸರಿಗೆ ಸ್ಟೀರಾಯ್ಡ್ ಕೊಟ್ಟದ್ದೂ ಉಂಟು. ಪೂರ್ವ ಜರ್ಮನಿ ತನ್ನ ಆಟಗಾರ್ತಿಯರಿಗೆ, ಎಷ್ಟೋ ಜನ ಇನ್ನೂ ಹುಡುಗಿಯರು, ವಿಟಮಿನ್ ಎಂದು ಹೇಳಿ ನೀಲಿ ಮಾತ್ರೆ ನುಂಗಿಸಿತು. ಅದು ಓರಲ್-ಟ್ಯುರಿನಬಾಲ್. 1986ರಲ್ಲಿ ಗುಂಡು ಎಸೆತದಲ್ಲಿ ಯುರೋಪಿನ ಚಾಂಪಿಯನ್ ಆದ ಹೈಡಿ ಕ್ರೀಗರ್ ಮುಂದೆ ಗಂಡಾಗಿ ಬದಲಾಗಿ ಆಂಡ್ರಿಯಾಸ್ ಕ್ರೀಗರ್ ಆದರು. ತಾನು ಯಾರೆಂದು ತಾನೇ ತೀರ್ಮಾನಿಸುವ ಅವಕಾಶವನ್ನು ಆ ಮಾತ್ರೆಗಳು ಕಸಿದುಕೊಂಡವು ಎಂಬುದು ಅವರ ದೂರು. 2000ದಲ್ಲಿ ಬರ್ಲಿನ್ ನ್ಯಾಯಾಲಯ ಆ ಕ್ರೀಡಾ ವ್ಯವಸ್ಥೆಯ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್ ತಪ್ಪಿತಸ್ಥ ಎಂದಿತು.

ನಮ್ಮ ಕರ್ನಾಟಕದ ಓದುಗರಿಗೆ ನೆನಪಾಗುವ ಹೆಸರು ಕುಂದಾಪುರ ಕಡೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. ಮರುವರ್ಷ ರಿಲೇ ತಂಡದ ಇತರರ ಜೊತೆ ಡೋಪಿಂಗ್ ಪರೀಕ್ಷೆಯಲ್ಲಿ ಮೆಥಾಂಡಿಯೆನೋನ್ ಎಂಬ ಸ್ಟೀರಾಯ್ಡ್ ಸಿಕ್ಕಿತು. ಉಕ್ರೇನಿನ ಕೋಚ್ ತರಿಸಿಕೊಟ್ಟ ಜಿನ್ಸೆಂಗ್‌ನಲ್ಲಿ ಅದು ಬೆರೆತಿತ್ತು, ನಮಗೆ ತಿಳಿದಿರಲಿಲ್ಲ ಎಂಬುದು ಓಟಗಾರ್ತಿಯರ ವಾದ. ಕೋಚ್ ಯೂರಿ ಒಗೊರೊಡ್ನಿಕ್ ಕೆಲಸ ಕಳೆದುಕೊಂಡರು. ಒಂದು ವರ್ಷದ ನಿಷೇಧ 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯಲ್ಲಿ ಎರಡು ವರ್ಷವಾಯಿತು. ಆಗ ನಾನು ಇಲ್ಲಿಂದಲೇ ಕನ್ನಡ ಪತ್ರಿಕೆಗಳನ್ನು ಓದುತ್ತಿದ್ದೆ. ಪದಕದ ಮಾತು, ಮಾನದ ಮಾತು, ದೇಶದ ಮಾತು ಧಾರಾಳವಾಗಿತ್ತು. ಇಂಥ ಔಷಧ ತಿಳಿಯದೆ ಒಳಗೆ ಹೋದರೆ ಹೆಣ್ಣುಮಕ್ಕಳ ಮೈಮನಸ್ಸಿಗೆ ಏನಾಗಬಹುದು ಎಂದು ಕೇಳಿದ್ದು ನನಗಂತೂ ಕಾಣಲಿಲ್ಲ.

ದಾವಣಗೆರೆಯ ಗರಡಿಮನೆಯಲ್ಲಿ ನಮ್ಮ ಚಿಕ್ಕಪ್ಪ ಮಟ್ಟಿ ಹಾಕಿ ಸಾಮು ತೆಗೆದವರು. ಅಲ್ಲಿ ಹೀಗೆ ಗಮನಿಸಿ ಕೇಳಲು ವಸ್ತಾದ್ ಎಂಬ ಗುರುವೊಬ್ಬ ಇರುತ್ತಿದ್ದ. ಯಾವ ಹುಡುಗ ಎರಡು ದಿನ ಬರಲಿಲ್ಲ, ಯಾವನ ಮುಖ ಬಾಡಿದೆ, ಯಾವನಿಗೆ ಮದ ಏರಿದೆ ಎಂದು ಅವನಿಗೆ ತಿಳಿಯುತ್ತಿತ್ತು, ಕಿವಿ ಹಿಂಡುತ್ತಿದ್ದ. ಹಳೆಯದೆಲ್ಲ ಚೆನ್ನ ಎನ್ನುವವನಲ್ಲ ನಾನು, ಆ ಪೈಲ್ವಾನರಲ್ಲೂ ರೌಡಿಗಳಿದ್ದರು. ಆದರೆ ಇಲ್ಲಿನ ಹುಡುಗನಿಗೆ ವಸ್ತಾದ್ ಎಂದರೆ ಫೋನು. ಅದಕ್ಕೆ ಅವನ ಮುಖ ಕಾಣುವುದಿಲ್ಲ.

ಹೋದ ವರ್ಷ ಒಬ್ಬ ಪರಿಚಯದವರ ಮಗ ಸಿಕ್ಕ (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ). ಹಿಂದೆ ರೈಲು ಓಡುತ್ತಿದ್ದು ಈಗ ನಡೆಯುವ ದಾರಿಯಾಗಿರುವ ಡಬ್ಲ್ಯುಅಂಡ್‌ಓಡಿ ಟ್ರೇಲಿನಲ್ಲಿ ಸಂಜೆ ನಡೆಯುತ್ತಿದ್ದೆವು. ‘ಅಂಕಲ್, ಸಿರಿಂಜ್ ಪ್ರಿಸ್ಕ್ರಿಪ್ಷನ್ ಇಲ್ದೆ ಕೊಡ್ತಾರಾ?’ ಎಂದ. ಯಾರಿಗೆ ಎಂದೆ. ಸ್ವಲ್ಪ ದೂರ ಮಾತಿಲ್ಲ. ಆಮೇಲೆ ಎಲ್ಲ ಹೇಳಿದ. ಬಿಟ್ಟು ಎರಡು ತಿಂಗಳಾಗಿದೆ, ಕೆಲಸಕ್ಕೆ ಹೋಗಲು ಮನಸ್ಸಿಲ್ಲ, ಅಮ್ಮ ಯಾವುದೋ ಹುಡುಗಿ ಕೈಕೊಟ್ಟಿದ್ದಾಳೆ ಎಂದುಕೊಂಡು ದೃಷ್ಟಿ ತೆಗೆದಿದ್ದಾರೆ, ಇನ್ನೊಂದು ಸೈಕಲ್ ಹಾಕಿದರೆ ಸರಿಹೋಗುತ್ತದೆ. ‘ಸಾಯಬೇಕು ಅನ್ಸುತ್ತಾ?’ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ, ಅದು ಸರಿಯಲ್ಲ. ‘ಒಂದೊಂದ್ಸಲ’ ಎಂದ. ಅವನ ಫೋನಿನಲ್ಲಿ 988 ಸೇವ್ ಮಾಡಿಸಿದೆ. ಅಮೆರಿಕದಲ್ಲಿ ಯಾವ ಹೊತ್ತಿಗೂ ಎತ್ತುವ ಸಹಾಯವಾಣಿ ಅದು. ಭಾರತದಲ್ಲಿರುವವರಿಗೆ ಟೆಲಿ-ಮಾನಸ್, 14416, ಕನ್ನಡದಲ್ಲೂ ಮಾತಾಡುತ್ತಾರೆ. ಅವತ್ತೇ ರಾತ್ರಿ, ಅವನು ಒಪ್ಪಿದ ಮೇಲೆ, ಅವನ ಅಪ್ಪನಿಗೆ ಫೋನ್ ಮಾಡಿದೆವು.

ಹಾರ್ಮೋನು ತಜ್ಞರು (ಎಂಡೊಕ್ರೈನಾಲಜಿಸ್ಟ್) ಬೆಳಗಿನ ಹೊತ್ತು ರಕ್ತ ತೆಗೆಸಿದರು. ಟೆಸ್ಟೊಸ್ಟೆರಾನ್ ಪಾತಾಳದಲ್ಲಿತ್ತು, ಅದನ್ನು ತಯಾರಿಸಲು ಹೇಳುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನುಗಳೂ ಹಾಗೇ. ‘ಮಗನಿಗೆ ಸೋಮಾರಿತನ’ ಎನ್ನುತ್ತಿದ್ದ ಅಪ್ಪ ಆ ಕಾಗದ ನೋಡಿ ತೆಪ್ಪಗಾದರು. ಅಂಕಿ ಕಂಡರೆ ನಮ್ಮ ಎಂಜಿನಿಯರುಗಳು ನಂಬುತ್ತಾರೆ. ವೃಷಣಗಳನ್ನು ಮತ್ತೆ ಎಬ್ಬಿಸುವ ಔಷಧಗಳಿವೆ, ಖಿನ್ನತೆಗೆ ಬೇರೆ ಚಿಕಿತ್ಸೆಯಿದೆ. ಯಾವುದು ಯಾರಿಗೆ ಎಂಬುದು ಡಾಕ್ಟರ ಕೆಲಸ, ಅದಕ್ಕೇ ಹೆಸರು ಬರೆಯುತ್ತಿಲ್ಲ. ಅವನಿಗೆ ಸುಮಾರು ಕಾಲ ಹಿಡಿಯಿತು. ನಡುವೆ ಒಮ್ಮೆ ಮತ್ತೆ ಬಾಟಲಿ ತರಿಸಿ, ಒಡೆಯದೆ ನನ್ನ ಕೈಗೆ ತಂದುಕೊಟ್ಟ.

ಈಗಲೂ ಜಿಮ್ಮಿಗೆ ಹೋಗುತ್ತಾನೆ. ಡಬ್ಬಿ ಕೊಳ್ಳುವ ಮೊದಲು ಅದರ ಹಿಂಬದಿಯ ಫೋಟೋವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾನೆ. ಹೊರಗಿನ ಪ್ರಯೋಗಾಲಯ ಪರೀಕ್ಷಿಸಿದ ಗುರುತು, ‘ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್’ ಎಂಬಂಥದ್ದು, ಇದೆಯೇ ಎಂದು ಮೊದಲು ನೋಡುತ್ತೇನೆ. ಕಳೆದ ವಾರದ ಡಬ್ಬಿಯಲ್ಲಿ ಇದ್ದದ್ದು ಹಾಲಿನ ಪ್ರೋಟೀನು, ಕೋಕೋ, ಸಕ್ಕರೆಯ ಬದಲಿಗೆ ಏನೋ ಒಂದು. ‘ತಗೋ, ಪರವಾಗಿಲ್ಲ, ಆದ್ರೆ ಅಮ್ಮನಿಗೆ ಹೇಳಿ ಹುರುಳಿಕಾಳು ನೆನೆಹಾಕಿಸ್ಕೊಂಡ್ರೆ ನಲವತ್ತು ಡಾಲರ್ ಉಳಿಯುತ್ತೆ’ ಎಂದು ಬರೆದೆ. ‘ಹುರುಳಿ ಸ್ಮೆಲ್ ಅಂಕಲ್’ ಎಂದು ಉತ್ತರ ಬಂತು.